ಅಡುಗೆ ಮಾಡದ ಅನ್ನಪೂರ್ಣೆ

"ಟೀಚರೇ, ಇದ್ ಸುಳ್ಳ್. ಅವ್ಳ್ ಅಡ್ಗಿ ಮಾಡ್ದವ್ಳೇ ಅಲ್ಲ" ಎಂದು ಗೋವಿಂದಣ್ಣ ಓದುವುದನ್ನು ಅರ್ಧಕ್ಕೇ ನಿಲ್ಲಿಸಿದರು.

ಬ್ರಹ್ಮಾವರದಲ್ಲಿ ಭಾನುವಾರ ನಾನು ದೊಡ್ಡವರಿಗೆ ಬರವಣಿಗೆ ಕಲಿಸುತ್ತೇನೆ. ತೀರಿಹೋದ ಹೆಂಡತಿಯ ವರ್ಷಾಂತಿಕಕ್ಕೆ ಪತ್ರಿಕೆಯಲ್ಲಿ ಹಾಕಿಸಲೆಂದು ಗೋವಿಂದಣ್ಣ ನಾಲ್ಕು ಸಾಲು ತಂದಿದ್ದರು. ಬರೆದದ್ದು ಮೊಬೈಲಿನ ಎಐ. ವಯಸ್ಸಿನಲ್ಲಿ ಹಿರಿಯರು, ಬೈಯುವಂತಿಲ್ಲ. ಗಟ್ಟಿಯಾಗಿ ಓದಿ ಎಂದೆ. 'ಕೈರುಚಿಯಿಂದ ಮನೆಮಂದಿಯನ್ನು ತಣಿಸಿದ ಅನ್ನಪೂರ್ಣೆ' ಎಂಬಲ್ಲಿಗೆ ಅವರಿಗೇ ತಡೆಯಲಾಗಲಿಲ್ಲ. ಗೋವಿಂದಣ್ಣ ಮುಂಬೈ ಹೋಟೆಲಿನಲ್ಲಿ ಅಡುಗೆಗಿದ್ದವರು. ಊರಿಗೆ ಮರಳಿದ ಮೇಲೂ ಮನೆಯ ಸೌಟು ಅವರ ಕೈಯಲ್ಲೇ ಇತ್ತಂತೆ.

"ಹಂಗಾರೆ ಅವ್ರ್ ಎಂತ ಮಾಡ್ತಿದ್ರ್?" ಎಂದು ಕೇಳಿದೆ.

"ದಿನಾ ಉಂಡ್ಕಂಡ್, ಉಪ್ಪ್ ಹೆಚ್ಚಾಯ್ತ್ ಅಂತಿದ್ಲ್. ಈಗ ಹೇಳುಕೆ ಯಾರೂ ಇಲ್ಲ."

ಅದನ್ನೇ ಬರೆಯಿರಿ ಎಂದು ಪೆನ್ನು ಕೊಟ್ಟೆ.

ಮೊಬೈಲಿನಿಂದ ಬರೆಸಿ ತರಬೇಡಿ ಎಂದು ತರಗತಿಯಲ್ಲಿ ಜಗಳವಾಡುವುದನ್ನು ಅಂದೇ ಬಿಟ್ಟೆ. ಈಗ ಅದು ಬರೆದುಕೊಟ್ಟದ್ದನ್ನು ಎಲ್ಲರೆದುರು ಓದಿಸಿ, ಸುಳ್ಳು ಬಂದಲ್ಲಿ ನಿಲ್ಲಿಸಿ ಎನ್ನುತ್ತೇನೆ. ವರ್ಷಾಂತಿಕದ ದಿನ ಪತ್ರಿಕೆ ಬಿಡಿಸಿದರೆ, ಆಕೆಯ ಫೋಟೋದ ಕೆಳಗೆ ಒಂದೇ ಸಾಲು: 'ಉಪ್ಪು ಹೆಚ್ಚಾಯಿತು ಎನ್ನಲು ನೀನಿಲ್ಲ.'