ಸುಡದ ಕೈ

ಅಗರದ ಷಡಕ್ಷರಿಯವರ ರೇಷ್ಮೆ ಬಿಚ್ಚುವ ಮನೆಯಲ್ಲಿ ಆರು ಒಲೆ. ಒಂದೊಂದು ಒಲೆ ಮೇಲೂ ಗೂಡು ಬೇಯುವ ಬಾಂಡಲಿ, ಪಕ್ಕದಲ್ಲಿ ತಣ್ಣೀರಿನ ಬೋಗುಣಿ. ಬಿಸಿನೀರಿಗೆ ಬೆರಳಿಟ್ಟು ಎಳೆ ಹಿಡಿದು ಚರಕಕ್ಕೆ ಕೊಡಬೇಕು, ಸುಟ್ಟ ಬೆರಳನ್ನು ತಣ್ಣೀರಿಗೆ ಅದ್ದಬೇಕು, ಮತ್ತೆ ಬಿಸಿನೀರಿಗೆ. ಪುಟ್ಟಗೌರಮ್ಮನ ಬೋಗುಣಿಯಲ್ಲಿ ಮಾತ್ರ ನೀರು ಹಾಕಿದ್ದು ಹಾಕಿದಂಗೇ ಇರೋದು. ಸಂಜೆ ಹೊತ್ತಿಗೆ ಅದರ ಮೇಲೆ ಬೂದಿ ಕೆನೆಗಟ್ಟಿರೋದು.

"ಅಕ್ಕ, ನಿನ್ ಕೈ ಚರ್ಮದ್ದೋ ತಗಡಿಂದೋ?" ಪಕ್ಕದೊಲೆಯ ರತ್ನ ರೇಗಿಸೋಳು.

"ಗೂಡು ಬೇಯ್ಸಿ ಬೇಯ್ಸಿ ಇದೂ ಬೆಂದೋಗ್ಯದ ಕಣ್ಲೇ."

ಮೊದಲು ಹಂಗಿರಲಿಲ್ಲ. ಈಗೊಂದೆರಡು ಮಳೆಗಾಲದಿಂದ ಬಿಸಿ ಅಷ್ಟಾಗಿ ತಾಕುತ್ತಿರಲಿಲ್ಲ. ನೂಲು ಕೊಳ್ಳೋರು ಬಂದರೆ ಷಡಕ್ಷರಿ ಅವಳನ್ನೇ ತೋರಿಸೋರು: "ಕೈ ಅಂದ್ರೆ ಇದು ನೋಡಿ. ತಣ್ಣೀರೇ ಮುಟ್ಟಾಕಿಲ್ಲ." ಬಾಗಿಲ ಬಳಿಯ ದೊಡ್ಡ ಒಲೆಯನ್ನು ಅವಳಿಗೇ ಕೊಟ್ಟರು. ಗಂಡ ಸತ್ತ ಮೇಲೆ ಅವಳನ್ನು ಯಾರಾದರೂ ಹೊಗಳಿದ್ದರೆ ಅದು ಆ ಒಲೆ ಮುಂದೆಯೇ.

ಮೊಣಕೈ ಕೆಳಗೆ ಎರಡು ತಿಳಿ ಮಚ್ಚೆ ಎದ್ದಿದ್ದವು. ನೋವಿಲ್ಲ, ನವೆಯಿಲ್ಲ. ಚಿಬ್ಬು ಅಂತ ಮೆಡಿಕಲ್ ಅಂಗಡಿಯ ಮುಲಾಮು ಹಚ್ಚಿದಳು. ಬೆರಳಿನ ಬೊಬ್ಬೆ ಒಡೆದು ಹುಣ್ಣಾದಾಗ ಯಳಂದೂರಿನಲ್ಲಿ ಒಬ್ಬ ಡಾಕ್ಟರಿಗೆ ತೋರಿಸಿದಳು.

"ಕೆಲಸ ಏನಮ್ಮ?"

"ರೇಷ್ಮೆ ಬಿಚ್ಚೋದು ಸಾ."

"ಇನ್ನೇನು ಮತ್ತೆ, ಬಿಸಿನೀರು," ಅಂದು ಕಟ್ಟು ಹಾಕಿ ಕಳಿಸಿದರು. ನೋವಾಗ್ತದಾ ಅಂತ ಅವರು ಕೇಳಲಿಲ್ಲ. ಆಗಲ್ಲ ಅಂತ ಇವಳೂ ಹೇಳಲಿಲ್ಲ.

ಯುಗಾದಿ ಕಳೆದ ಮೇಲೆ ಕಿರುಬೆರಳು, ಅದರ ಪಕ್ಕದ್ದು ಒಳಕ್ಕೆ ಬಾಗತೊಡಗಿದವು. ಕೊಳ್ಳೇಗಾಲದಲ್ಲಿ ಇನ್ನೊಬ್ಬರು ಕತ್ತಿನ ಎಕ್ಸ್‌ರೇ ತೆಗೆಸಿ ಶಕ್ತಿ ಮಾತ್ರೆ ಬರೆದರು. ಅಷ್ಟರಲ್ಲಿ ಬೆರಳಲ್ಲಿ ಎಳೆ ಇದೆಯೋ ಇಲ್ಲವೋ ಅನ್ನೋದು ಕಣ್ಣಲ್ಲಿ ನೋಡಿದರೇ ಗೊತ್ತಾಗೋದು. ನೂಲು ಕಡಿಯೋದು ಹೆಚ್ಚಿತು. ಎಳೆ ಹಿಡಿಯಲಾರದ ಕೈಗೆ ಒಲೆ ಯಾರು ಕೊಡ್ತಾರೆ ಅನ್ನೋ ಭಯಕ್ಕೆ ಬಾಯಿ ಮುಚ್ಚಿಕೊಂಡೇ ಇದ್ದಳು.

ಒಂದು ದಿನ ಒಲೆಯ ಅಂಚಿಗೆ ಕೈಯೂರಿ ಮಾತಾಡುತ್ತಿದ್ದಳು. ಏನೋ ಸುಟ್ಟ ವಾಸನೆಗೆ ರತ್ನ ಮೂಗರಳಿಸಿದಳು. ನೋಡಿದವಳೇ ಹಾರಿ ಬಂದು ಅವಳ ರಟ್ಟೆ ಎಳೆದಳು.

"ಅಯ್ಯೋ ಅಕ್ಕ, ಕೈ ಬೇಯ್ತಾ ಅದಲ್ಲಾ!"

ಆವತ್ತು ಯಾರೂ ತಮಾಷೆ ಮಾಡಲಿಲ್ಲ.

ಮಾರನೆಯ ದಿನ ರತ್ನ ಅವಳನ್ನು ಚಾಮರಾಜನಗರದ ದೊಡ್ಡಾಸ್ಪತ್ರೆಗೆ ಕರಕೊಂಡು ಹೋದಳು. ಚರ್ಮದ ಡಾಕ್ಟರಮ್ಮ ಕಣ್ಣು ಮುಚ್ಚಿಸಿ, "ಹತ್ತಿ ಮುಟ್ಟಿಸ್ತೀನಿ, ಮುಟ್ಟಿದಾಗೆಲ್ಲ ಹೇಳಿ," ಅಂದರು. ಪುಟ್ಟಗೌರಮ್ಮ ಕಾದಳು. ಕಾದು ಸಾಕಾಗಿ, "ಯಾವಾಗ ಮುಟ್ಟೀರವ್ವ?" ಅಂತ ಕಣ್ಣು ಬಿಟ್ಟರೆ ರತ್ನ ಸೆರಗಲ್ಲಿ ಬಾಯಿ ಒತ್ತಿಕೊಂಡು ನಿಂತಿದ್ದಳು. ಹತ್ತಿ ಆಗಲೇ ಕೈಯೆಲ್ಲ ಓಡಾಡಿ ಮುಗಿದಿತ್ತು.

"ಕುಷ್ಠ ಇದು, ನರಕ್ಕೆ ಹತ್ತೋ ಕಾಯಿಲೆ," ಅಂದರು ಡಾಕ್ಟರಮ್ಮ. "ಮಾತ್ರೆ ನುಂಗಿದ್ರೆ ವಾಸಿಯಾಗ್ತದೆ, ಆಮೇಲೆ ಯಾರಿಗೂ ಅಂಟಲ್ಲ. ಬಾಗಿರೋ ಬೆರಳು ನೆಟ್ಟಗಾಗ್ತದೆ ಅಂತ ಹೇಳಲಾರೆ. ಬರೋದು ತಡ ಮಾಡಿದ್ರಿ."

ಬಸ್ಸಿನಲ್ಲಿ ಅವಳು ಕೇಳಿದ್ದು ಒಂದೇ. "ಊರಲ್ಲಿ ಏನಂತ ಏಳ್ಲಿ?"

"ನರದ ಕಾಯ್ಲೆ ಅನ್ನು. ಸುಳ್ಳೇನಲ್ವಲ್ಲ."

ಒಂದು ವರ್ಷ ಮಾತ್ರೆ. ಮೊದಲ ದಿನ ಉಚ್ಚೆ ಕೆಂಪಗೆ ಹೋಗಿ ಊರು ಕೇಳುವಂಗೆ ಕೂಗಿಕೊಂಡಳು. ಮಾತ್ರೆಯ ಬಣ್ಣ ಅಂತ ಆಮೇಲೆ ಗೊತ್ತಾಯಿತು. ಮೈ ಕಪ್ಪಿಟ್ಟಿತು. ದಿನಾ ಕೈಗೆ ಎಣ್ಣೆ ಹಚ್ಚಿ ಬೆರಳು ನೀವಿಕೊಂಡಳು. ಒಲೆ ಹತ್ತಿರ ಹೋಗಕೂಡದು ಅಂತ ಡಾಕ್ಟರಮ್ಮ ಹೇಳಿದ್ದರಿಂದ ಷಡಕ್ಷರಿ ಅವಳನ್ನು ಗೂಡು ಆಯೋಕೆ ಕೂರಿಸಿದರು. ದೊಡ್ಡ ಒಲೆ ಮೀನಾ ಅನ್ನೋಳ ಪಾಲಾಯಿತು.

ಮಾತ್ರೆ ಮುಗಿಯುತ್ತಾ ಬಂದಿದ್ದ ಒಂದು ಬೆಳಗ್ಗೆ ರತ್ನ ಟೀ ಲೋಟ ಕೊಟ್ಟಳು. ಪುಟ್ಟಗೌರಮ್ಮ ಹಿಡಿದವಳೇ ಕೆಳಗಿಟ್ಟು ಹೆಬ್ಬೆರಳು ಬಾಯಿಗಿಟ್ಟುಕೊಂಡಳು.

"ಏನ್ಲೇ ಇದು, ಬೆಂಕಿ ತಂದಿದ್ದೀಯಾ?"

ರತ್ನ ಲೋಟ ಮುಟ್ಟಿ ನೋಡಿದಳು. ಅಂಥಾ ಬಿಸಿಯೇನೂ ಇರಲಿಲ್ಲ. "ಇನ್ನೊಂದ್ಸಲ ಮುಟ್ಟಕ್ಕ," ಅಂದಳು. ಮುಟ್ಟಿದಳು. ಕಿರುಬೆರಳಿಗೆ ಏನೂ ತಿಳಿಯಲಿಲ್ಲ, ಅದು ಬಾಗಿಯೇ ಇತ್ತು. ಹೆಬ್ಬೆರಳು ಮಾತ್ರ ಚುರ್ ಅಂತು.

ಅಲ್ಲೇ ನಿಂತು ನೋಡುತ್ತಿದ್ದ ಷಡಕ್ಷರಿ ಹತ್ತಿರ ಬಂದು, "ಕೈ ವಾಸಿ ಆಯ್ತಲ್ಲ ಗೌರಮ್ಮ, ಬಾ ನಿನ್ ಒಲೆಗೆ," ಅಂದರು.

"ವಾಸಿ ಆಯ್ತಾ ಅದ ಸಾ, ಅದ್ಕೇ ಬರಾಕಿಲ್ಲ," ಅಂದಳು ಪುಟ್ಟಗೌರಮ್ಮ. "ಈಗ ಸುಡ್ತದ."

ಟೀ ಆರುವ ತನಕ ಕಾದು, ಕುಡಿದು, ಗೂಡಿನ ಮೊರ ಮುಂದಕ್ಕೆ ಎಳೆದುಕೊಂಡಳು.