ಅಂಜಿನಮ್ಮ ಗಾಡಿ ತಿರುಗಿಸಲಿಲ್ಲ

ಸವಳಂಗದ ಅಂಜಿನಮ್ಮ ಗಾಡಿ ಹೊಡೆಯುವುದನ್ನು ಕಲಿತದ್ದು ಮೂವತ್ತೈದು ದಾಟಿದ ಮೇಲೆ. ಗಂಡ ಗಿಡ್ಡಪ್ಪ ಹುಣಸೆಮರದಿಂದ ಬಿದ್ದು ಸೊಂಟ ಮುರಿದುಕೊಂಡಾಗ ಎತ್ತು, ಗಾಡಿ ಮಾರಿಬಿಡಿ ಎಂದು ನೆಂಟರೆಲ್ಲ ಹೇಳಿದರು. ಆಕೆ ಮಾರಗೊಡಲಿಲ್ಲ. ಗಿಡ್ಡಪ್ಪ ಜಗಲಿಯ ಮೇಲೆ ಮಲಗಿದ್ದಲ್ಲಿಂದಲೇ ಕೂಗಿ ಕೂಗಿ ಹೇಳಿಕೊಟ್ಟ. ಆಕೆ ಮನೆಮುಂದಿನ ಬಯಲಿನಲ್ಲಿ ಗಾಡಿಯನ್ನು ಸುತ್ತಿಸಿ ಸುತ್ತಿಸಿ ಕಲಿತಳು. ಎರಡು ಬೇಲಿ, ಒಂದು ತಿಪ್ಪೆಗುಂಡಿಯ ಕಲ್ಲು ಹಾಳಾದವು. ಮೂರನೆಯ ತಿಂಗಳಿಗೆಲ್ಲ ಕಾಡಿನ ಒಳದಾರಿಯಲ್ಲೂ ಒಬ್ಬಳೇ ಗಾಡಿ ತರುತ್ತಿದ್ದಳು.

ಆಗ ಎರಡನೆಯ ಮಹಾಯುದ್ಧದ ಕಾಲ. ಪೆಟ್ರೋಲು ಸಿಗದೆ ಬಸ್ಸುಗಳೆಲ್ಲ ಬೆನ್ನಿಗೊಂದು ಒಲೆ ಕಟ್ಟಿಕೊಂಡು ಇದ್ದಿಲಿನ ಹೊಗೆಯಲ್ಲಿ ಓಡುತ್ತಿದ್ದವು. ಕಾಡಂಚಿನಲ್ಲಿ ಸೌದೆ ಸುಡುವ ಗೂಡುಗಳಿಂದ ಇದ್ದಿಲು ಹೇರಿಕೊಂಡು ನ್ಯಾಮತಿಯ ಬಸ್ಸಿನ ಶೆಡ್ಡಿಗೆ ಹಾಕಿಬರುವುದು ಅಂಜಿನಮ್ಮನ ಕೆಲಸವಾಯಿತು. ವಾರಕ್ಕೆರಡು ಸಲ ಮೈಕೈಯೆಲ್ಲ ಕಪ್ಪಾಗಿ ಪೇಟೆಬೀದಿಯಲ್ಲಿ ಬರುವ ಆಕೆಯನ್ನು ಮೊದಮೊದಲು ನೋಡಿ ನಕ್ಕವರು ಆಮೇಲಾಮೇಲೆ ದಾರಿ ಬಿಟ್ಟು ನಿಲ್ಲತೊಡಗಿದರು.

ನ್ಯಾಮತಿಯ ಪೇಟೆಬೀದಿ ಇಕ್ಕಟ್ಟು. ಒಂದು ಕಡೆ ಬಾಯಿ ತೆರೆದ ಚರಂಡಿ, ಇನ್ನೊಂದು ಕಡೆ ಅಂಗಡಿಗಳ ಮೆಟ್ಟಿಲು. ಅಕ್ಕಿ ಲಾರಿಗಳ ಓಡಾಟ ಹೆಚ್ಚಾದ ಮೇಲೆ, ಬೀದಿಯ ನಡುವೆ ಯಾರೂ ಗಾಡಿ ಹಿಂದಕ್ಕೆ ತಿರುಗಿಸಕೂಡದು, ಕೆರೆಯ ಬಯಲಿನ ತನಕ ಹೋಗಿಯೇ ತಿರುಗಿಸಬೇಕು ಎಂದು ಬೋರ್ಡು ಹಾಕಿದರು. ಅಂಜಿನಮ್ಮನಿಗೆ ಓದು ಬಾರದು. ಆದರೆ ಬೋರ್ಡು ಹಾಕಿದ ದಿನವೇ ಅದರಲ್ಲಿ ಏನಿದೆ ಎಂದು ಕೇಳಿ ತಿಳಿದುಕೊಂಡಿದ್ದಳು.

ಬೇಸಿಗೆಯ ಒಂದು ಬೆಳಿಗ್ಗೆ ಪೇಟೆಬೀದಿ ದಾಟುವಾಗ ಗಾಡಿಯ ಹಿಂದಿನಿಂದ ಒಂದು ಇದ್ದಿಲ ಮೂಟೆ ಜಾರಿಬಿತ್ತು. ಅದು ಆಕೆಗೆ ತಿಳಿದದ್ದು ಕೆರೆಯ ಬಯಲು ಮುಟ್ಟಿದ ಮೇಲೆ. ಅಲ್ಲಿ ಬಟ್ಟೆ ಒಗೆಯುತ್ತಿದ್ದ ಕೆಂಪಕ್ಕ, "ಅಂಜಿನಕ್ಕಾ, ಒಂದು ಮೂಟೆ ಕಮ್ಮಿ ಐತಲ್ಲೇ!" ಎಂದು ಕೂಗಿದಳು. ಅಂಜಿನಮ್ಮ ಬಯಲಿನಲ್ಲೇ ಗಾಡಿ ತಿರುಗಿಸಿಕೊಂಡು ಬೀದಿಗೆ ವಾಪಸು ಬಂದು, ಬಿದ್ದ ಮೂಟೆಯನ್ನು ಎತ್ತಿ ಹೇರುತ್ತಿದ್ದಳು. ಅಷ್ಟರಲ್ಲಿ ಪೇದೆ ಓಂಕಾರಪ್ಪ ಬಂದ. ಊರಿಗೆ ಹೊಸಬ. ಸ್ವಲ್ಪ ಹೊತ್ತಿನ ಮುಂಚೆ ಕೆರೆಯ ಕಡೆಗೆ ಮುಖ ಮಾಡಿ ಹೋದ ಗಾಡಿ ಈಗ ಈ ಕಡೆಗೆ ಮುಖ ಮಾಡಿ ನಿಂತಿತ್ತು. ಅವನಿಗೆ ಅಷ್ಟು ಸಾಕಾಯಿತು.

"ನಡುಬೀದೀಲಿ ಗಾಡಿ ತಿರುಗಿಸೀಯಲ್ಲಮ್ಮ! ಬೋರ್ಡು ಕಾಣಲ್ವಾ?"

"ಇಲ್ಲಿ ತಿರುಗಿಸಿಲ್ಲ ಪೊಲೀಸಪ್ಪ. ಕೆರೆತಾವ ತಿರುಗಿಸಿಕೊಂಡು ಬಂದೀನಿ."

"ಇಷ್ಟು ಬೇಗ ಹೆಂಗೆ ಬಂದೆ? ನಾನು ಕಾಫಿ ಕುಡಿಯೋದ್ರೊಳಗೆ?"

"ನೀವೆಷ್ಟೊತ್ತು ಕುಡಿದ್ರೋ ನಂಗೇನು ಗೊತ್ತು!"

ಸುತ್ತ ನಿಂತಿದ್ದವರು ನಕ್ಕರು. ಆ ನಗುವೇ ಕೆಲಸ ಕೆಡಿಸಿತು. ಓಂಕಾರಪ್ಪನ ಮುಖ ಕೆಂಪಾಯಿತು. ಚೀಟಿ ಬರೆದು ಕೈಗಿಟ್ಟ. ಹೊನ್ನಾಳಿಯಲ್ಲಿ ತಾಲ್ಲೂಕಿನ ಅಮಲ್ದಾರರ ಮುಂದೆ ಹಾಜರಾಗಬೇಕು. ತಪ್ಪಾಯಿತೆಂದರೆ ಒಂದು ರೂಪಾಯಿ ದಂಡ, ಅಲ್ಲಿಗೆ ಮುಗಿಯಿತು.

"ಒಂದು ರೂಪಾಯಿ ಬಿಸಾಕಿ ಬಾರೆ, ಯಾಕೆ ಸುಮ್ನೆ ತಲೆನೋವು?" ಎಂದ ಗಿಡ್ಡಪ್ಪ.

"ತಿರುಗಿಸಿದ್ರೆ ಬಿಸಾಕ್ತಿದ್ದೆ. ಮಾಡ್ದೆ ಇರೋದನ್ನ ಮಾಡೀನಿ ಅಂತ ನನ್ನ ಬಾಯಲ್ಲೇ ಹೇಳಾಕೆ ಆಗಲ್ಲ ನನ್ಕೈಲಿ."

ಮೊದಲ ಸಲ ಹೊನ್ನಾಳಿಗೆ ಹೋದಾಗ ಕಚೇರಿಯ ಮುಂದಿನ ಮರದಡಿಯಲ್ಲಿ ಸಂಜೆಯವರೆಗೆ ಕೂತಳು. ಅಮಲ್ದಾರರು ಹಳ್ಳಿಗಳ ಮೇಲೆ ಹೋಗಿದ್ದರು. ಮೂರು ವಾರಕ್ಕೆ ವಾಯಿದೆ ಬಿತ್ತು. ಎರಡನೆಯ ಸಲ ಕೆಂಪಕ್ಕನೂ ಜೊತೆಗೆ ಬಂದಳು. ಒಗೆಯುವ ಬಟ್ಟೆಯನ್ನೆಲ್ಲ ತಂಗಿಗೆ ಒಪ್ಪಿಸಿ, ಇದ್ದುದರಲ್ಲಿ ಒಳ್ಳೆಯ ಸೀರೆ ಉಟ್ಟು, ಹೇಳಬೇಕಾದ ಮಾತನ್ನು ದಾರಿಯುದ್ದಕ್ಕೂ ಹೇಳಿ ನೋಡಿಕೊಂಡಿದ್ದಳು. ಅವತ್ತು ಓಂಕಾರಪ್ಪನೇ ಬರಲಿಲ್ಲ, ಎಲ್ಲೋ ಬಂದೋಬಸ್ತಿಗೆ ಹೋಗಿದ್ದನಂತೆ. ಮತ್ತೆ ವಾಯಿದೆ. ಮೂರನೆಯ ಸಲ ಓಂಕಾರಪ್ಪ ಬಂದ, ಅಮಲ್ದಾರರೂ ಇದ್ದರು. ಕೆಂಪಕ್ಕನ ಮಗಳಿಗೆ ಹೆರಿಗೆ ನೋವು ಶುರುವಾಗಿ ಕೆಂಪಕ್ಕನಿಗೆ ಬರಲಾಗಲಿಲ್ಲ.

ಜವಾನ ಹೆಸರು ಕೂಗಿದ. ಅಂಜಿನಮ್ಮ ಒಳಗೆ ಹೋಗಿ ಕೈಮುಗಿದು ನಿಂತಳು.

"ತಪ್ಪು ಒಪ್ಪಿಕೊಳ್ತೀಯೇನಮ್ಮ?" ಎಂದರು ಅಮಲ್ದಾರರು, ಕಾಗದದಿಂದ ತಲೆಯೆತ್ತದೆ.

"ಇಲ್ಲ ಸ್ವಾಮಿ. ಆ ಬೀದೀಲಿ ಗಾಡಿ ತಿರುಗಾಕೇ ಸಾಧ್ಯ ಇಲ್ಲ. ಹಗ್ಗ ಹಿಡಿದು ಅಳೆದೀನಿ. ಚರಂಡಿಯಿಂದ ಮೆಟ್ಟಿಲಿಗೆ ಎರಡೂವರೆ ಮಾರು. ನನ್ನ ಗಾಡಿ, ಎತ್ತು ಸೇರಿ ಮೂರು ಮಾರಿಗೂ ಮೇಲೆ. ತಿರುಗಿಸಬೇಕು ಅಂದ್ರೆ ಎತ್ತು ಬಿಚ್ಚಿ, ನಾಲ್ಕು ಜನ ಗಾಡಿ ಎತ್ತಬೇಕು."

ಅಮಲ್ದಾರರು ತಲೆಯೆತ್ತಿದರು. ಬೆಳಿಗ್ಗೆಯಿಂದ ಅವರ ಮುಂದೆ ಅಳತೆ ಮಾಡಿಕೊಂಡು ಬಂದವರು ಯಾರೂ ಇರಲಿಲ್ಲವೇನೋ.

"ನೀನು ತಿರುಗಿಸೋದನ್ನ ಕಣ್ಣಾರೆ ಕಂಡೆಯೇನಯ್ಯ?" ಎಂದು ಓಂಕಾರಪ್ಪನನ್ನು ಕೇಳಿದರು.

ಓಂಕಾರಪ್ಪ ಒಮ್ಮೆ ಅಂಜಿನಮ್ಮನ ಕಡೆ ನೋಡಿದ. ಆಮೇಲೆ, "ಕಂಡೆ ಸ್ವಾಮಿ" ಎಂದ.

"ಸರಿ. ಮುಂದಿನ ತಿಂಗಳು ನ್ಯಾಮತಿಗೆ ಬರೋದಿದೆ. ಜಾಗಾನೇ ನೋಡಿಬಿಡೋಣ."

ಅಂದು ವಾಪಸು ಬರುವಾಗ ಅಂಜಿನಮ್ಮನ ಎದೆ ಹಗುರಾಗಿತ್ತು. ಆದರೆ ಮುಂದಿನ ತಿಂಗಳು ಮಳೆ ಹಿಡಿಯಿತು. ಅದರ ಮುಂದಿನ ತಿಂಗಳೂ ಅಮಲ್ದಾರರು ಬರಲಿಲ್ಲ. ಅಷ್ಟರಲ್ಲಿ ಲಾರಿಗಳಿಗೆ ಅನುಕೂಲವಾಗಲೆಂದು ಚರಂಡಿಯ ಮೇಲೆ ಚಪ್ಪಡಿ ಹಾಸಿದರು. ಬೀದಿಗೆ ಚಾಚಿದ್ದ ಮೆಟ್ಟಿಲುಗಳನ್ನು ಒಡೆದು ಹಿಂದಕ್ಕೆ ಸರಿಸಿದರು. ಕೊನೆಯ ಚಪ್ಪಡಿ ಕೂರಿಸುತ್ತಿದ್ದ ದಿನ ಅಂಜಿನಮ್ಮ ಗಾಡಿ ನಿಲ್ಲಿಸಿ ನೋಡುತ್ತಲೇ ಉಳಿದಳು. ಮತ್ತೆ ಹಗ್ಗ ಹಿಡಿದು ಅಳೆದಳು. ಬೀದಿ ಮೊದಲಿಗಿಂತ ಒಂದು ಮಾರು ಹೆಚ್ಚು ಅಗಲವಾಗಿತ್ತು.

ಅಮಲ್ದಾರರು ಬಂದದ್ದು ದಸರೆ ಮುಗಿದ ಮೇಲೆ. ಬೀದಿಯಲ್ಲಿ ಜನ ಸೇರಿದರು. ಅವರು ಬಾಯಿ ತೆರೆಯುವ ಮೊದಲೇ ಅಂಜಿನಮ್ಮ ಹೇಳಿದಳು: "ಸ್ವಾಮಿ, ಅವತ್ತು ಈ ಬೀದಿ ಹಿಂಗಿರಲಿಲ್ಲ. ಇಲ್ಲಿ ಚರಂಡಿ ಬಾಯಿ ಬಿಟ್ಕೊಂಡಿತ್ತು, ಅಲ್ಲಿ ಮೆಟ್ಟಿಲಿತ್ತು. ಯಾರನ್ನಾದ್ರೂ ಕೇಳ್ರಿ."

"ಆಗಿನ ಮಾತು ಹಾಗಿರಲಿ. ಈಗ ತಿರುಗುತ್ತೋ ಇಲ್ವೋ?"

"ಈಗ ತಿರುಗ್ತೈತೆ."

"ಎಲ್ಲಿ, ತಿರುಗಿಸು."

ಬೇಕೆಂದೇ ಹಗ್ಗವನ್ನು ತಪ್ಪಾಗಿ ಎಳೆದು ಗಾಡಿಯನ್ನು ಅಡ್ಡಕ್ಕೆ ಸಿಕ್ಕಿಸಬಹುದಿತ್ತು. ಆ ಯೋಚನೆ ಆಕೆಗೆ ಬಾರದೆ ಇರಲಿಲ್ಲ. ಆದರೆ ಇಷ್ಟು ದಿನ ನಿಜಕ್ಕಾಗಿ ಅಲೆದು ಈಗ ಎತ್ತುಗಳ ಕೈಲಿ ಸುಳ್ಳು ಆಡಿಸಲೇ? ಆಕೆ ಬಲಗಡೆ ಹಗ್ಗ ಜಗ್ಗಿದಳು. ಗಾಡಿ ಬುಗುರಿಯ ಹಾಗೆ ಸುತ್ತಿ ಬಂದು ನಿಂತಿತು. ಜನರಲ್ಲಿ ಯಾರೋ ಭೇಷ್ ಎಂದರು. ಆ ಮಾತು ಕೇಳಿ ಆಕೆಗೆ ಅಳು ಬಂತು.

ಕೆಂಪಕ್ಕ ಜನರನ್ನು ನೂಕಿಕೊಂಡು ಮುಂದೆ ಬಂದಳು. "ಸ್ವಾಮಿ, ಇವಳು ಕೆರೆ ಬಯಲಾಗೇ ತಿರುಗಿಸಿದ್ದು. ನಾನೇ ನೋಡೀನಿ."

"ಯಾವ ತಾರೀಕು?" ಎಂದರು ಅಮಲ್ದಾರರು.

"ಅವತ್ತು, ಸ್ವಾಮಿ."

"ತಾರೀಕು ಹೇಳಮ್ಮ."

ಕೆಂಪಕ್ಕನಿಗೆ ತಾರೀಕು ಗೊತ್ತಿರಲಿಲ್ಲ. ಅವಳು ಅಂಜಿನಮ್ಮನ ಮುಖ ನೋಡಿದಳು. ಅಂಜಿನಮ್ಮ ಹೇಳಿಕೊಡಲು ಹೋದಾಗ ಅಮಲ್ದಾರರ ಜೊತೆ ಬಂದಿದ್ದ ಗುಮಾಸ್ತ ಸುಮ್ಮನಿರು ಎಂದು ಗದರಿಸಿದ.

ಅಮಲ್ದಾರರು ಕೆಟ್ಟವರೇನಲ್ಲ. ಹೊತ್ತಾಗಿತ್ತು, ಇನ್ನೂ ಎರಡು ಊರಿಗೆ ಹೋಗಬೇಕಿತ್ತು. "ದಂಡ ಬೇಡ. ಮೊದಲನೇ ತಪ್ಪು ಅಂತ ಎಚ್ಚರಿಕೆ ಕೊಟ್ಟು ಬಿಟ್ಟಿದೆ ಅಂತ ಬರಕೊಳ್ರಿ," ಎಂದು ಹೇಳಿ ಹೊರಟರು.

"ತಪ್ಪೇ ಇಲ್ಲ ಅಂದ್ಮೇಲೆ ಎಚ್ಚರಿಕೆ ಯಾಕೆ ಸ್ವಾಮಿ? ದಂಡ ಬೇಕಾದ್ರೆ ಹಾಕ್ರಿ, ಆ ತಪ್ಪು ಅನ್ನೋ ಮಾತು ತೆಗೀರಿ."

ಅವರು ಆಗಲೇ ಕಾರು ಹತ್ತಿದ್ದರು. ಗುಮಾಸ್ತ ನಕ್ಕ. "ಬಿಟ್ಟಿದಾರಲ್ಲ, ಮನೆಗೆ ಹೋಗಮ್ಮ."

"ನಾನು ಹೆಬ್ಬೆಟ್ಟು ಒತ್ತಲ್ಲ."

"ನಿನ್ನ ಹೆಬ್ಬೆಟ್ಟು ಯಾರಿಗೆ ಬೇಕಾಗೈತೆ? ಆರ್ಡರು ಆಗಿಹೋಯ್ತು."

ಒತ್ತುವುದಿಲ್ಲ ಎಂದು ಹಟ ಹಿಡಿಯುವುದಕ್ಕೂ ಅಲ್ಲಿ ಜಾಗವಿರಲಿಲ್ಲ. ಆಕೆ ಎಷ್ಟೋ ಹೊತ್ತು ಹಗ್ಗ ಹಿಡಿದು ನಿಂತೇ ಇದ್ದಳು. ಹಿಂದೆ ಲಾರಿ ಬಂದು ಹಾರನ್ ಮಾಡಿದಾಗ ಗಾಡಿ ಹೊಡೆದುಕೊಂಡು ಹೋದಳು.

ಆ ವರ್ಷದ ಕೊನೆಗೆ ಓಂಕಾರಪ್ಪನಿಗೆ ಜಗಳೂರಿನ ಕಡೆಗೆ ವರ್ಗವಾಯಿತು. ಹೊರಡುವ ದಿನ ಬಸ್ಸಿನ ಶೆಡ್ಡಿನ ಮುಂದೆ ಅಂಜಿನಮ್ಮ ಮೂಟೆ ಇಳಿಸುತ್ತಿದ್ದಾಗ, ಟ್ರಂಕು ಕೆಳಗಿಟ್ಟು ಹತ್ತಿರ ಬಂದ.

"ಅಂಜಿನಮ್ಮಾರೇ, ನೀವು ತಿರುಗಿಸಿದ್ದು ನಾನು ನೋಡಿರಲಿಲ್ಲ," ಎಂದ. "ಅಷ್ಟು ಜನ ನಕ್ಕರು ನೋಡ್ರಿ, ಸಿಟ್ಟು ಬಂತು. ಆಮೇಲೆ ಸಾಹೇಬರ ಮುಂದೆ ಇಲ್ಲ ಅಂದಿದ್ರೆ ನನ್ನ ಕೆಲಸಕ್ಕೇ ಕುತ್ತು ಬರ್ತಿತ್ತು."

ಅಂಜಿನಮ್ಮ ಮೂಟೆ ಕೆಳಗಿಟ್ಟಳು. "ಇದನ್ನ ಹೊನ್ನಾಳೀಲಿ ಬಂದು ಹೇಳ್ತೀರಾ? ಈಗ್ಲೇ ಗಾಡಿ ಕಟ್ತೀನಿ, ಹತ್ರಿ."

"ಬಸ್ಸಿನ ಹೊತ್ತಾಯ್ತಲ್ಲ..."

"ಹಂಗಾದ್ರೆ ನನಗ್ಯಾಕೆ ಹೇಳೋಕೆ ಬಂದ್ರಿ? ನನಗೆ ಮೊದಲೇ ಗೊತ್ತಿತ್ತಲ್ಲ!"

ಅವನು ತಲೆ ತಗ್ಗಿಸಿ ಬಸ್ಸು ಹತ್ತಿದ. ಊರಿಗೆ ಬಂದು ಆಕೆ ಇದನ್ನು ಗಂಡನಿಗೆ ಹೇಳಿದಳು. "ಒಪ್ಪಿಕೊಂಡನಲ್ಲ, ಸಮಾಧಾನ ಮಾಡ್ಕೋ," ಎಂದ ಗಿಡ್ಡಪ್ಪ. ಆಕೆ ಎತ್ತುಗಳಿಗೆ ಹುಲ್ಲು ಹಾಕಲು ಹೋದಳು. ಆಮೇಲೆ ಎಷ್ಟೋ ವರ್ಷ, ಯಾರಾದರೂ "ಆ ಕೇಸಿನಲ್ಲಿ ನಿನ್ನನ್ನು ಬಿಟ್ಟರಂತಲ್ಲ" ಎಂದರೆ ಸಾಕು, ಆಕೆಗೆ ಮೈಯೆಲ್ಲ ಉರಿದುಹೋಗುತ್ತಿತ್ತು. "ಬಿಡಲಿಲ್ಲ ಕಣ್ರಿ," ಎನ್ನುತ್ತಿದ್ದಳು, "ಬಿಟ್ಟೀವಿ ಅಂತ ಬರಕೊಂಡ್ರು, ಅಷ್ಟೆ."