ಭಾವನಿಗೆ ಕೊಟ್ಟ ಮಾತ್ರೆ

ಶಿವಮೊಗ್ಗದ ಹೊಸಮನೆ ಬಡಾವಣೆಯಲ್ಲಿರುವ ನಮ್ಮ ಮನೆ ಮೊದಲನೇ ಮಹಡಿಯದು. ಹತ್ತೊಂಬತ್ತು ಮೆಟ್ಟಿಲು. ಐವತ್ತನಾಲ್ಕು ವಯಸ್ಸಾಗುವ ಹೊತ್ತಿಗೆ, ಹತ್ತನೆಯ ಮೆಟ್ಟಿಲಿನಲ್ಲಿ ನಿಂತು ಎದುರುಮನೆಯ ಗುಲಾಬಿ ಗಿಡ ನೋಡುವ ಅಭ್ಯಾಸ ನನಗಾಗಿತ್ತು. ಆ ಗಿಡ ಹೂ ಬಿಟ್ಟದ್ದನ್ನು ನಾನು ಕಂಡಿಲ್ಲ. ಉಸಿರು ಸಿಗುವ ತನಕ ನೋಡುವುದಕ್ಕೆ ಏನಾದರೂ ಬೇಕಲ್ಲ. ಬೆಳಗಿನ ನನ್ನ ಕೆಮ್ಮನ್ನೇ ಅಲಾರಂ ಮಾಡಿಕೊಂಡು ಕೆಳಗಿನ ಮನೆಯವರು ಹಾಲಿಗೆ ಹೊರಡುತ್ತಿದ್ದರು. ಕೊನೆಗೊಂದು ದಿನ ಹೆಂಡತಿ ನನ್ನನ್ನು ಡಾಕ್ಟರ ಮುಂದೆ ಕೂರಿಸಿದಳು.

ಡಾಕ್ಟರು ಕೊಳವೆಯೊಂದನ್ನು ಊದಿಸಿ ಮುಖ ಹುಳ್ಳಗೆ ಮಾಡಿಕೊಂಡರು. "ಶ್ವಾಸಕೋಶ ಒಂದೇ ಅಲ್ಲ, ಹೃದಯದ ರಕ್ತನಾಳಾನೂ ಈ ಸಿಗರೇಟ್ ಹೊಗೆಯಿಂದ ಹಾಳಾಗುತ್ತೆ. ಇವತ್ತು ಬಿಟ್ರೂ ಲಾಭ ಇದೆ," ಎಂದರು. ಬಿಡುವುದಕ್ಕೆ ಮಾತ್ರೆ ಬರೆಯುವ ಮೊದಲು ಪ್ರಶ್ನೆಗಳ ಸುರಿಮಳೆ. ಫಿಟ್ಸ್ ಬಂದಿತ್ತಾ, ತಲೆಗೆ ಪೆಟ್ಟು ಬಿದ್ದಿತ್ತಾ, ಬಿಪಿ ಇದೆಯಾ, ಮನಸ್ಸಿನ ಕಾಯಿಲೆಗೆ ಮಾತ್ರೆ ತಗೊಂಡಿದ್ದೀರಾ, ಕುಡಿತೀರಾ. ಎಲ್ಲದಕ್ಕೂ ಇಲ್ಲ ಎಂದೆ. ಕೊನೆಯದಕ್ಕೆ ಇಲ್ಲ ಎಂದಾಗ ಹೆಂಡತಿ ತಲೆಯೆತ್ತಿ ಫ್ಯಾನ್ ನೋಡಿದಳು. ಅವಳು ಪಕ್ಕದಲ್ಲಿ ಕೂತಿರುವಾಗ ಬೇರೆ ಉತ್ತರ ಹೇಗೆ ಹೇಳಲಿ? ನಮ್ಮಲ್ಲಿ ಡಾಕ್ಟರ ಹತ್ತಿರ ಯಾರೂ ಒಬ್ಬರೇ ಹೋಗುವುದಿಲ್ಲ. ಹಾಗಾಗಿ ಡಾಕ್ಟರು ಕೇಳಿದ್ದಕ್ಕೆಲ್ಲ ಪಕ್ಕದಲ್ಲಿ ಕೂತವರಿಗೆ ಹಿತವಾಗುವ ಉತ್ತರ ಕೊಟ್ಟು ಬರುತ್ತೇವೆ. "ಈ ಮಾತ್ರೆ ಬೇರೆ ಯಾರಿಗೂ ಕೊಡಬೇಡಿ," ಎಂದರು. ಅದಕ್ಕೂ ತಲೆಯಾಡಿಸಿದೆ.

ಮೊದಲ ವಾರ ಮಾತ್ರೆಯ ಜೊತೆಗೆ ಸಿಗರೇಟೂ ಇರಲಿ ಎಂದಿದ್ದರು. ಇಂಥ ಪಥ್ಯ ಯಾರಿಗುಂಟು? ಬಾಯಿ ಒಣಗಿತು, ನಿದ್ದೆ ಕೆಟ್ಟಿತು, ಆದರೆ ಎರಡನೇ ವಾರಕ್ಕೆ ಸಿಗರೇಟು ಸೀದ ರಟ್ಟಿನ ಹಾಗೆ ರುಚಿಗೆಟ್ಟಿತು. ಮೂರನೇ ವಾರ ಮುಟ್ಟಲೇ ಇಲ್ಲ. ಜಂಬ ತಲೆಗೇರಿತು. ಟೀ ಅಂಗಡಿಯ ಮುಂದೆ ಸೇದುತ್ತಿದ್ದವರಿಗೆಲ್ಲ ಉಪದೇಶ ಮಾಡಿ ಬೈಸಿಕೊಂಡೆ. ಅಲ್ಲಿ ಬೆಲೆ ಸಿಗದಿದ್ದಕ್ಕೆ ಭದ್ರಾವತಿಯ ಅಕ್ಕನ ಮನೆಗೆ ಹೊರಟೆ.

ಭಾವ ಕಾರ್ಖಾನೆಯಿಂದ ನಿವೃತ್ತರಾದವರು. ದಿನಕ್ಕೊಂದು ಪ್ಯಾಕು ಬೇಕು. ನನಗೆ ಸಿಗರೇಟು ಕಲಿಸಿದ ಗುರುಗಳೂ ಅವರೇ.

"ನಿಜವಾಗ್ಲೂ ಬಿಟ್ಟೆಯಾ ಮಾರಾಯ?" ಎಂದು ನನ್ನ ಅಂಗಿಯ ಜೇಬು ಮುಟ್ಟಿ ನೋಡಿದರು. "ಹಾಗಾದ್ರೆ ಒಂದು ಶೀಟ್ ನಂಗೂ ಕೊಡು."

ನಮ್ಮ ಬಳಗದಲ್ಲಿ ಮಾತ್ರೆಗಳು ಉಪ್ಪಿನಕಾಯಿಯಂತೆ ಮನೆಯಿಂದ ಮನೆಗೆ ಹೋಗುತ್ತವೆ. ಅಕ್ಕನ ಮಂಡಿನೋವಿನ ಮಾತ್ರೆಯನ್ನು ನನ್ನ ಹೆಂಡತಿ ನುಂಗಿದ್ದಾಳೆ, ನನ್ನ ಗ್ಯಾಸಿನ ಮಾತ್ರೆ ಅರ್ಧ ಬೀದಿಗೆ ಹಂಚಿಹೋಗಿದೆ. "ನಂಗೆ ಚೆನ್ನಾಗಿ ಹಿಡೀತು, ನೀವೂ ತಗೊಳ್ಳಿ" ಎಂದರೆ ಮುಗಿಯಿತು. ಗುರುದಕ್ಷಿಣೆ ಎಂದು ಒಂದು ಶೀಟ್ ಕೊಟ್ಟೆ.

ಭಾವ ಒಂದು ಮಾತ್ರೆ ಅಂಗೈಗೆ ಹಾಕಿಕೊಂಡು ನೀರಿನ ಲೋಟ ಎತ್ತಿದರು. ನಾನು ಸುಮ್ಮನಿರದೆ ಡಾಕ್ಟರ ದನಿ ತೆಗೆದೆ. "ತಡೀರಿ, ಮೊದಲು ವಿಚಾರಣೆ. ಫಿಟ್ಸ್ ಬಂದಿತ್ತಾ?"

"ಇಲ್ಲ ಇಲ್ಲ," ಎಂದರು ಭಾವ, ಸ್ವಲ್ಪ ಜೋರಾಗಿಯೇ.

ಬಾಗಿಲ ಬಳಿ ಅವರೆಕಾಯಿ ಬಿಡಿಸುತ್ತಿದ್ದ ಅಕ್ಕ ಎದ್ದು ಬಂದು ಅವರ ಅಂಗೈಯಿಂದ ಮಾತ್ರೆ ತೆಗೆದುಕೊಂಡಳು. "ಬರ್ತಿತ್ತು ಕಣೋ. ಮದುವೆಯಾದ ಮೂರನೇ ತಿಂಗಳಲ್ಲೇ ನೋಡಿದೀನಿ."

ಭಾವ ಲೋಟ ಕೆಳಗಿಟ್ಟರು. "ಹೆಣ್ಣು ಸಿಗಲ್ಲ, ಹೇಳ್ಬೇಡ ಅಂದಿದ್ರು ನಮ್ಮಮ್ಮ. ಆಮೇಲೆ ಕೆಲಸ ಹೋಗುತ್ತೆ ಅಂತ ಭಯ. ಈಗ ಹನ್ನೆರಡು ವರ್ಷ ಆಯ್ತು, ಬಂದಿಲ್ಲ. ಅದರ ಮಾತ್ರೇನೂ ಬಿಟ್ಟಿದೀನಿ."

ನನಗೆ ಸಿಟ್ಟು ನೆತ್ತಿಗೇರಿತು. ನಮ್ಮಪ್ಪನಿಂದ ಇಷ್ಟು ದೊಡ್ಡ ವಿಷಯ ಮುಚ್ಚಿಟ್ಟು ಹೆಣ್ಣು ತಂದಿದ್ದರಲ್ಲ. ಬೈಯಲು ಬಾಯಿ ತೆರೆದವನಿಗೆ ಅಕ್ಕನ ಕೈಯಲ್ಲಿದ್ದ ಮಾತ್ರೆ ಕಂಡಿತು. ಡಾಕ್ಟರು ಎಲ್ಲಕ್ಕಿಂತ ಮೊದಲು ಫಿಟ್ಸ್ ಬಗ್ಗೆ ಯಾಕೆ ಕೇಳಿದ್ದರು ಎಂದು ಆಗ ಹೊಳೆಯಿತು. ಇನ್ನೊಂದು ಗುಟುಕು ನೀರಾಗಿದ್ದರೆ ನಾನೇ ಅಕ್ಕನ ಸಂಸಾರಕ್ಕೆ ಕೊಳ್ಳಿ ಇಟ್ಟಿರುತ್ತಿದ್ದೆ. ಸುಳ್ಳು ಹೇಳುವುದರಲ್ಲಿ ನಾನೇನು ಕಡಿಮೆಯವನೂ ಅಲ್ಲ. ಬಾಯಿ ಮುಚ್ಚಿಕೊಂಡು ಶೀಟನ್ನು ವಾಪಸ್ ಜೇಬಿಗೆ ಹಾಕಿಕೊಂಡೆ.

ಸೋಮವಾರ ಇಬ್ಬರನ್ನೂ ಶಿವಮೊಗ್ಗಕ್ಕೆ ಕರೆಸಿ ಅದೇ ಡಾಕ್ಟರ ಹತ್ತಿರ ಹೋದೆ. ಭಾವನಿಗೆ ಧೈರ್ಯ ಬರಲಿ ಎಂದು ಮೊದಲು ನನ್ನದೇ ತಪ್ಪೊಪ್ಪಿಗೆ ಆಯಿತು: ವಾರಕ್ಕೆರಡು ಸಲ ಕುಡಿಯುತ್ತೇನೆ. ಈ ಮಾತ್ರೆ ತಗೊಳ್ಳುವಾಗ ಕುಡಿದರೆ ಇಲ್ಲದ ಫಿಟ್ಸೂ ಬರಬಹುದು ಎಂದು ಡಾಕ್ಟರು ಚೆನ್ನಾಗಿ ಉಗಿದರು. ಆಮೇಲೆ ಭಾವ ನೆಲ ನೋಡುತ್ತ ತಮ್ಮದನ್ನು ಹೇಳಿದರು. ಡಾಕ್ಟರು ಅವರಿಗೆ ಬೈಯಲಿಲ್ಲ.

"ನಿಮಗೆ ಈ ಮಾತ್ರೆ ಬೇಡವೇ ಬೇಡ. ಸಿಗರೇಟ್ ಬಿಡೋದಕ್ಕೆ ಬೇರೆ ದಾರಿ ಇದೆ, ನೋಡೋಣ. ಮೊದಲು ಇದನ್ನ ಹೇಳಿ, ಫಿಟ್ಸ್ ಕೊನೇ ಸಲ ಬಂದಿದ್ದು ಯಾವಾಗ?"

"ಹನ್ನೆರಡು ವರ್ಷ ಆಯ್ತು ಸರ್." ಭಾವನ ದನಿಯಲ್ಲಿ ಈಗ ಸ್ವಲ್ಪ ಹೆಮ್ಮೆಯೂ ಇತ್ತು.

"ಹೋದ ದೀಪಾವಳಿಗೆ ಬಂದಿತ್ತು," ಎಂದಳು ಅಕ್ಕ.

ಭಾವ ತಿರುಗಿ ನೋಡಿದರು.

"ಹಬ್ಬದೂಟ ಆಗಿ ಮಲಗಿದ್ರಲ್ಲ, ಆಗ. ಎದ್ದ ಮೇಲೆ ಮೈಕೈ ನೋವು, ಹೋಳಿಗೆ ಜಾಸ್ತಿ ಆಯ್ತು ಅಂದ್ರಿ. ನಾನೂ ಹೂಂ ಅಂದೆ. ವಾಸಿ ಆಯ್ತು ಅಂತ ಅಷ್ಟು ಖುಷಿಯಾಗಿದ್ರಿ, ಹೇಗೆ ಹೇಳ್ಲಿ?" ಅಕ್ಕ ಸೆರಗು ಸರಿಮಾಡಿಕೊಂಡಳು. "ನಿಮ್ಮ ಸ್ಕೂಟರ್ ಕೀ ಕಳೆದುಹೋಗಿಲ್ಲ ರೀ. ಅವತ್ತೇ ಬಚ್ಚಿಟ್ಟೆ."

ಎರಡು ತಿಂಗಳಿಂದ ಕೀ ಹುಡುಕುತ್ತ, ನಡೆದೇ ತರಕಾರಿ ತರುತ್ತಿದ್ದ ಭಾವ ಅವಳನ್ನೇ ನೋಡುತ್ತ ಕೂತರು. ಬೈಯುತ್ತಾರೇನೋ ಎಂದುಕೊಂಡೆ. ಬೈಯಲಿಲ್ಲ. ಡಾಕ್ಟರು ಕುರ್ಚಿಯನ್ನು ಸ್ವಲ್ಪ ಆ ಕಡೆ ತಿರುಗಿಸಿಕೊಂಡು, ಉಳಿದ ಪ್ರಶ್ನೆಗಳನ್ನೆಲ್ಲ ಅಕ್ಕನನ್ನೇ ಕೇಳಿದರು.